ಹೆಸರಿಗೆ ಕತ್ತರಿ ಹಾಕಬೇಡ

ಚಿ. ಪಲ್ಲವಿಗೆ ಮಾವನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ತಲೆಯಲ್ಲೇ ಉಳಿದಿದೆ. ಫಾರಂನಲ್ಲಿ ಸಿಂಗಲ್ ಕೋಟ್ (') ಬಂದರೆ ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕಳಿಸುವ ಆಜ್ಞೆ, ಕೆಡುತ್ತದೆ, ಅದಕ್ಕೇ ಅಂಥ ಚಿಹ್ನೆಗಳನ್ನೆಲ್ಲ ತೆಗೆದುಹಾಕುವ ಕೋಡ್ ಬರೆದೆ ಅಂದೆಯಲ್ಲ. ಅದನ್ನು ಲೈವ್ ಮಾಡುವ ಮುಂಚೆ ಇದನ್ನೊಂದು ಸಲ ಓದು ಪುಟ್ಟಿ.

ನಾನೂ ಅದನ್ನೇ ಮಾಡಿದ್ದೆ. ಮಂಗಳೂರಿನ ಒಂದು ಸಹಕಾರ ಸಂಘಕ್ಕೆ ಸದಸ್ಯರ ಪಟ್ಟಿಯ ಸಾಫ್ಟ್‌ವೇರ್ ಬರೆಯುತ್ತಿದ್ದ ಕಾಲ. ಆ ಊರಲ್ಲಿ ಡಿ'ಸೋಜ, ಡಿ'ಸಿಲ್ವ ಅನ್ನುವ ಹೆಸರುಗಳು ಜಾಸ್ತಿ ಅಲ್ವಾ? ಹೆಸರು = 'ಡಿ'ಸೋಜ' ಎಂದು ಕ್ವೆರಿ ಹೋದರೆ ಡೇಟಾಬೇಸ್ ಪಾಲಿಗೆ ಹೆಸರು ‘ಡಿ’ಗೇ ಮುಗಿಯಿತು. ಉಳಿದ ‘ಸೋಜ’ವನ್ನು ಅದು ಆಜ್ಞೆ ಎಂದುಕೊಳ್ಳುತ್ತದೆ, ಅರ್ಥವಾಗದೆ ಎರರ್ ಕೊಡುತ್ತದೆ. ನಾನು ಆ ಚಿಹ್ನೆಯನ್ನೇ ಕಿತ್ತುಹಾಕಿದೆ. ಎರರ್ ನಿಂತಿತು. ಎರಡು ತಿಂಗಳ ನಂತರ ಒಬ್ಬ ಅಜ್ಜಿ ಪಾಸ್‌ಬುಕ್ ಹಿಡಿದು ಬಂದರು. ಬೇರೆ ದಾಖಲೆಗಳಿಗೂ ಇದಕ್ಕೂ ಹೆಸರು ತಾಳೆಯಾಗದೆ ಅವರ ಕೆಲಸ ನಿಂತಿತ್ತು. “ನನ್ನ ಹೆಸರನ್ನು ಯಾಕೆ ತುಂಡು ಮಾಡಿದ್ದು ಮಾರಾಯ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ತಪ್ಪು ಹೆಸರಿನದಲ್ಲ. ಆಜ್ಞೆಯನ್ನೂ ಮಾಹಿತಿಯನ್ನೂ ಒಂದೇ ಸಾಲಿಗೆ ಅಂಟಿಸಿದವನು ನಾನು. ಕಿಡಿಗೇಡಿಗಳು ಒಳಗೆ ನುಗ್ಗುವುದೂ ಇದೇ ಸಂದಿಯಿಂದ. ಹಾಗಾಗಿ ಪ್ರಿಪೇರ್ಡ್ ಸ್ಟೇಟ್‌ಮೆಂಟ್, ಅಂದರೆ ಮೊದಲೇ ಸಿದ್ಧಮಾಡಿದ ಆಜ್ಞೆ, ಬಳಸು. ಹೆಸರು ಬರುವ ಜಾಗದಲ್ಲಿ ? ಇಡು, ಹೆಸರನ್ನು ಬೇರೆಯಾಗಿ ಕಳಿಸು. ಆಗ ಅದರೊಳಗೆ ಏನಿದ್ದರೂ ಡೇಟಾಬೇಸ್ ಅದನ್ನು ಬರೀ ಅಕ್ಷರಗಳೆಂದೇ ನೋಡುತ್ತದೆ. ಕೋಟ್ ಅನ್ನು ಎರಡೆರಡು ಸಲ ಬರೆದು ಕೈಯಿಂದಲೇ ಸರಿಮಾಡಲು ಹೋಗಬೇಡ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ \ ಚಿಹ್ನೆಗೂ ವಿಶೇಷ ಅರ್ಥ ಕೊಡುತ್ತದೆ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ 9.1ನೇ ಆವೃತ್ತಿಯಿಂದ ಈಚೆಗೆ ಮಾಮೂಲಿ ಸ್ಟ್ರಿಂಗ್‌ನಲ್ಲಿ (ಕೋಟ್‌ಗಳ ನಡುವಿನ ಅಕ್ಷರಸಾಲಿನಲ್ಲಿ) ಆ ಅರ್ಥ ಕೊಡುವುದಿಲ್ಲ. ಎಲ್ಲೋ ಒಂದು ಕಡೆ ಕೈತಪ್ಪುತ್ತದೆ.

ಟೇಬಲ್, ಕಾಲಂ ಹೆಸರುಗಳಿಗೆ ? ನಡೆಯದು. ಅವನ್ನು ನೀನೇ ಬರೆದಿಟ್ಟ ಪಟ್ಟಿಯಿಂದ ಮಾತ್ರ ತೆಗೆದುಕೋ.

ಹುಡುಕಾಟದಲ್ಲಿ ಇನ್ನೊಂದು ತೊಡಕಿದೆ. ಹೋಲುವ ಪದ ಹುಡುಕುವ ಲೈಕ್ (LIKE) ಬಳಸುವಾಗ % ಎಂದರೆ ಎಷ್ಟು ಅಕ್ಷರಗಳಾದರೂ ಸರಿ, _ ಎಂದರೆ ಯಾವುದಾದರೂ ಒಂದು ಅಕ್ಷರ. ? ಇಟ್ಟರೂ ಈ ಅರ್ಥ ಹೋಗುವುದಿಲ್ಲ. ಯಾರಾದರೂ ‘10%’ ಎಂದು ಹುಡುಕಿದರೆ 100, 1050 ಎಲ್ಲವೂ ಬಂದು ಬೀಳುತ್ತವೆ. ಅದಕ್ಕೆ ! ತರಹದ ಒಂದು ಚಿಹ್ನೆ ಆರಿಸಿ, ಕ್ವೆರಿಯಲ್ಲಿ ಎಸ್ಕೇಪ್ (ESCAPE) '!' ಎಂದು ತಿಳಿಸು. ! ಆದ ಮೇಲೆ ಬರುವ ಚಿಹ್ನೆಯನ್ನು ಬರೀ ಅಕ್ಷರವೆಂದು ನೋಡು ಎಂದು ಇದರರ್ಥ. ಬಂದ ಪದದಲ್ಲಿ ಮೊದಲು ! ಇದ್ದರೆ !! ಮಾಡು, ಆಮೇಲೆ % ಮತ್ತು _ ಚಿಹ್ನೆಗಳ ಎಡಕ್ಕೆ ! ಸೇರಿಸು. ಕ್ರಮ ತಿರುಗಿಸಿದರೆ ನೀನು ಸೇರಿಸಿದ !ಗಳೇ ಮತ್ತೆ ಎರಡೆರಡಾಗುತ್ತವೆ.

ನಮ್ಮ ಕನ್ನಡದ್ದೂ ಒಂದು ಮಾತಿದೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂತಿರುತ್ತದೆ. ಬೇಡದ್ದೆಂದು ನಿನ್ನ ಕೋಡ್ ಅದನ್ನು ತೆಗೆದರೆ ಕ ಕೆಳಗಿಳಿದು ಒತ್ತಾಗುತ್ತದೆ, ‘ರಾಜ್ಕುಮಾರ್’ ಆಗುತ್ತದೆ. ಹುಡುಕಲು ಬೇಕಿದ್ದರೆ ಆ ಚಿಹ್ನೆ ಇಲ್ಲದ ಪ್ರತಿಯನ್ನು ಬೇರೆ ಕಾಲಂನಲ್ಲಿಡು. ಅವರು ಬರೆದುಕೊಟ್ಟ ಹೆಸರನ್ನು ಮಾತ್ರ ಮುಟ್ಟಬೇಡ.

ಇವತ್ತೇ ಟೆಸ್ಟ್ ಡೇಟಾಗೆ ಡಿ'ಸೋಜ, ರಾಜ್‌ಕುಮಾರ್ ಈ ಎರಡು ಹೆಸರು ಸೇರಿಸಿ, ಹಾಕಿದ್ದು ಹಾಗೇ ವಾಪಸ್ ಬಂತಾ ನೋಡಿ ನನಗೆ ಫೋನ್ ಮಾಡು. ಅಮ್ಮನನ್ನು ಕೇಳಿದೆ ಎಂದು ಹೇಳು.

ಇಂತಿ,
ನಿನ್ನ ಮಾವ