ಗರ್ಭಿಣಿಯ ತಪಾಸಣೆ ಕಾರ್ಡಿನಲ್ಲಿ ಮದ್ಯದ ಕಾಲಂ ಬೇಕು: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ಗರ್ಭಿಣಿ ಮೊದಲ ಸಲ ತಪಾಸಣೆಗೆ ಬಂದಾಗ ತೂಕ, ಬಿಪಿ, ಹಿಮೋಗ್ಲೋಬಿನ್, ರಕ್ತದ ಗುಂಪು, ಸಕ್ಕರೆ ಎಲ್ಲವೂ ಕಾರ್ಡಿಗೆ ಏರುತ್ತವೆ. ಮದ್ಯದ ವಿಚಾರಕ್ಕೆ ಬಹಳ ಕಾರ್ಡುಗಳಲ್ಲಿ ಜಾಗವೇ ಇರುವುದಿಲ್ಲ. ಜಾಗ ಇದ್ದಲ್ಲಿಯೂ ‘ಅಭ್ಯಾಸಗಳು’ ಎಂಬ ಸಾಲಿನ ಮುಂದೆ ಕೇಳದೆಯೇ ‘ಇಲ್ಲ’ ಎಂದು ಬರೆದು ಮುಗಿಸುವುದುಂಟು. ಆ ಕಾಲಂ ಎಲ್ಲ ಕಾರ್ಡುಗಳಲ್ಲಿ ಇರಬೇಕು, ಕೇಳಿಯೇ ತುಂಬಬೇಕು ಎಂದು ತಾವು ಆದೇಶ ಹೊರಡಿಸಬೇಕೆಂದು ಕೋರುತ್ತೇವೆ. ತಾಯಿಗೆ ಆ ಮಾಹಿತಿಯ ಪ್ರಯೋಜನ ಅಂದೇ ಸಿಗುತ್ತದೆ. ಮಗುವಿಗೆ ಅದು ಬೇಕಾಗುವುದು ಏಳೆಂಟು ವರ್ಷ ಕಳೆದ ಮೇಲೆ.

ಮದ್ಯವನ್ನು ಮಾಸು ತಡೆಯುವುದಿಲ್ಲ. ತಾಯಿ ಕುಡಿದ ಸ್ವಲ್ಪ ಹೊತ್ತಿಗೆಲ್ಲ ಭ್ರೂಣದ ರಕ್ತದಲ್ಲೂ ಹೆಚ್ಚುಕಡಿಮೆ ಅಷ್ಟೇ ಮದ್ಯ ಇರುತ್ತದೆ. ತಾಯಿಯ ಲಿವರ್ ಅದನ್ನು ಒಡೆದು ಹೊರಹಾಕಬಲ್ಲದು. ಭ್ರೂಣದ ಲಿವರ್‌ನಲ್ಲಿ ಅದಕ್ಕೆ ಬೇಕಾದ ಕಿಣ್ವ ತೀರ ಕಡಿಮೆ. ಮಗುವಿನ ಮೂತ್ರದ ಜೊತೆ ಗರ್ಭಜಲಕ್ಕೆ ಸೇರಿದ ಮದ್ಯವನ್ನು ಮಗು ಮತ್ತೆ ನುಂಗುತ್ತದೆ. ಹಾಗಾಗಿ ತಾಯಿಗೆ ಅಮಲು ಇಳಿದ ಮೇಲೂ ಒಳಗೆ ಅದು ಸುತ್ತುತ್ತಲೇ ಇರುತ್ತದೆ.

‘ಬಿಯರ್ ತಾನೇ, ಪರವಾಗಿಲ್ಲ’ ಎನ್ನುವವರು ಬಹಳ. ಲೆಕ್ಕ ಸುಲಭ: ಮಿಲಿಲೀಟರನ್ನು ಶೇಕಡಾ ಪ್ರಮಾಣದಿಂದ ಗುಣಿಸಿ, 100ರಿಂದ ಭಾಗಿಸಿ, 0.79ರಿಂದ ಗುಣಿಸಿದರೆ ಶುದ್ಧ ಮದ್ಯ ಎಷ್ಟು ಗ್ರಾಂ ಎಂದು ಸಿಗುತ್ತದೆ. ಶೇ 40ರ ವಿಸ್ಕಿಯ 30 ಮಿ.ಲೀ. ಪೆಗ್ಗಿನಲ್ಲಿ ಸುಮಾರು 9.5 ಗ್ರಾಂ ಇದ್ದರೆ, ಶೇ 8ರ ಸ್ಟ್ರಾಂಗ್ ಬಿಯರ್‌ನ 500 ಮಿ.ಲೀ. ಕ್ಯಾನಿನಲ್ಲಿ ಸುಮಾರು 32 ಗ್ರಾಂ ಇರುತ್ತದೆ. ಅಂದರೆ ಮೂರು ಪೆಗ್ಗಿಗಿಂತ ಹೆಚ್ಚು. ಮಗುವಿಗೆ ಮುಖ್ಯವಾಗುವುದು ಈ ಗ್ರಾಂ ಲೆಕ್ಕ, ಅದರಲ್ಲೂ ಒಂದೇ ಸಲ ಕೂತಾಗ ಎಷ್ಟು ಹೋಯಿತು ಎಂಬುದು. ಇಷ್ಟರವರೆಗೆ ತೊಂದರೆಯಿಲ್ಲ ಎನ್ನುವ ಮಿತಿ ಗರ್ಭಿಣಿಯ ವಿಷಯದಲ್ಲಿ ಈವರೆಗೆ ಗೊತ್ತಾಗಿಲ್ಲ. ಆದ್ದರಿಂದ ಸಲಹೆ ಒಂದೇ: ಒಂದು ಗುಟುಕೂ ಬೇಡ.

ಹಾನಿ ಯಾವಾಗ ಆಗುತ್ತದೆ ಎಂಬುದು ಇನ್ನೂ ಮುಖ್ಯ. ಮುಖದ ರಚನೆ ಅತಿ ಸುಲಭವಾಗಿ ಕೆಡುವುದು ಗರ್ಭ ಕಟ್ಟಿದ ಮೂರನೆಯ ವಾರದ ಸುಮಾರಿಗೆ. ಆಗ ಮುಟ್ಟು ತಪ್ಪಿ ಒಂದು ವಾರ ಆಗಿರಬಹುದು ಅಷ್ಟೆ. ಎಷ್ಟೋ ಹೆಂಗಸರಿಗೆ ಬಸುರಾದದ್ದೇ ತಿಳಿದಿರುವುದಿಲ್ಲ. ಮೆದುಳಿಗಂತೂ ಸುರಕ್ಷಿತ ತಿಂಗಳು ಎಂಬುದಿಲ್ಲ, ಒಂಬತ್ತು ತಿಂಗಳೂ ಅದು ಬೆಳೆಯುತ್ತಿರುತ್ತದೆ. ಮದ್ಯದಿಂದ ನರಕೋಶಗಳು ಸಾಯುತ್ತವೆ, ತಮ್ಮ ಜಾಗಕ್ಕೆ ಸರಿದು ಹೋಗಬೇಕಾದವು ದಾರಿ ತಪ್ಪುತ್ತವೆ, ಎಡಬಲ ಮೆದುಳನ್ನು ಕೂಡಿಸುವ ಕಾರ್ಪಸ್ ಕ್ಯಾಲೋಸಮ್ ಎಂಬ ನರತಂತುಗಳ ಕಟ್ಟು ತೆಳುವಾಗಬಹುದು. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ, ಅದನ್ನು ತಾಯಂದಿರಿಗೆ ಒತ್ತಿ ಹೇಳಬೇಕು: ಐದನೆಯ ತಿಂಗಳಲ್ಲಿ ಬಿಟ್ಟರೂ, ಏಳನೆಯ ತಿಂಗಳಲ್ಲಿ ಬಿಟ್ಟರೂ ಮುಂದಿನ ಹಾನಿ ತಪ್ಪುತ್ತದೆ. ‘ಹೇಗೂ ಆಗಿಹೋಯಿತು’ ಎಂಬ ಮಾತಿಗೆ ಇಲ್ಲಿ ಅರ್ಥವಿಲ್ಲ.

ಇಂಥ ಮಕ್ಕಳ ಲಕ್ಷಣಗಳನ್ನು 1968ರಲ್ಲಿ ಫ್ರಾನ್ಸಿನ ಪಾಲ್ ಲೆಮ್ವಾನ್ ವಿವರಿಸಿದರು. 1973ರಲ್ಲಿ ಅಮೆರಿಕದ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಅದಕ್ಕೆ ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್ (ಗರ್ಭದಲ್ಲಿ ಮದ್ಯ ತಗುಲಿದ್ದರಿಂದ ಬರುವ ಲಕ್ಷಣಗಳ ಗುಂಪು) ಎಂದು ಹೆಸರಿಟ್ಟರು. ಕಣ್ಣಿನ ಸೀಳು ಗಿಡ್ಡ, ಮೂಗಿನ ಕೆಳಗಿನ ತೋಡು ಇಲ್ಲದೆ ನುಣುಪು, ಮೇಲ್ದುಟಿ ತೆಳು: ಈ ಮೂರೂ ಇದ್ದು, ಬೆಳವಣಿಗೆ ಕುಂಠಿತವಾಗಿ, ಮೆದುಳಿನ ತೊಂದರೆಯೂ ಕಂಡರೆ ತಾಯಿ ಕುಡಿದಿದ್ದರ ಪುರಾವೆ ಇಲ್ಲದೆಯೂ ರೋಗನಿರ್ಣಯ ಮಾಡಬಹುದು. ಆದರೆ ಮದ್ಯದಿಂದ ಮೆದುಳಿಗೆ ಪೆಟ್ಟು ಬಿದ್ದ ಹೆಚ್ಚಿನ ಮಕ್ಕಳ ಮುಖದಲ್ಲಿ ಏನೂ ಕಾಣುವುದಿಲ್ಲ. ಅವರ ವಿಷಯದಲ್ಲಿ ರೋಗನಿರ್ಣಯಕ್ಕೆ ಗರ್ಭದಲ್ಲಿ ಮದ್ಯ ತಗುಲಿದ್ದು ಖಚಿತವಾಗಬೇಕು. ಎಂಟು ವರ್ಷದ ನಂತರ ಅದನ್ನು ಯಾರು ಹೇಳುತ್ತಾರೆ? ತಾಯಿಗೆ ನೆನಪಿರಲಿಕ್ಕಿಲ್ಲ, ಇದ್ದರೂ ಹೇಳಲು ಅಂಜಿಕೆ. ಮಗು ಬೇರೆಯವರ ಮನೆಯಲ್ಲಿ ಬೆಳೆಯುತ್ತಿರಲೂಬಹುದು. ಆಗ ಉಳಿಯುವುದು ಆ ಕಾರ್ಡು. ಅದರಲ್ಲಿ ಕೇಳದೆ ಬರೆದ ‘ಇಲ್ಲ’ ಇದ್ದರೆ ಮಗುವಿಗೆ ಬಾಗಿಲು ಮುಚ್ಚಿದಂತೆ.

ಅಂಥ ಮಗು ಸೊಗಸಾಗಿ ಮಾತಾಡುತ್ತದೆ, ಅದಕ್ಕೇ ಮೋಸ ಹೋಗುತ್ತೇವೆ. ‘ಚೀಲ ಇಡು, ಕೈ ತೊಳಿ, ಬಟ್ಟೆ ಬದಲಿಸಿ ಊಟಕ್ಕೆ ಬಾ’ ಎಂದರೆ ಚೀಲ ಇಟ್ಟು ನಿಂತುಬಿಡುತ್ತದೆ. ಉಳಿದದ್ದು ತಲೆಯಲ್ಲಿ ನಿಲ್ಲುವುದಿಲ್ಲ. ನಿನ್ನೆ ಬಾಯಿಪಾಠ ಒಪ್ಪಿಸಿದ ಮಗ್ಗಿ ಇಂದು ಮರೆತಿರುತ್ತದೆ. ಶಿಕ್ಷೆ ಕೊಟ್ಟರೂ ಮತ್ತೆ ಅದೇ ತಪ್ಪು, ಏಕೆಂದರೆ ‘ಹೀಗೆ ಮಾಡಿದ್ದರಿಂದ ಹೀಗಾಯಿತು’ ಎಂಬ ಕೊಂಡಿಯೇ ಮೆದುಳಿನಲ್ಲಿ ದುರ್ಬಲ. ಇದನ್ನು ಹಟಮಾರಿತನ ಎಂದು ಬೈಯುತ್ತಾರೆ, ಇಲ್ಲವೇ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಎಂದಷ್ಟೇ ಹೇಳಿ ಮುಗಿಸುತ್ತಾರೆ. ಕಾರಣ ಗೊತ್ತಾದರೆ ಮಾಡಬೇಕಾದ್ದು ಬದಲಾಗುತ್ತದೆ: ಒಂದು ಸಲಕ್ಕೆ ಒಂದೇ ಸೂಚನೆ, ಚಿತ್ರದ ವೇಳಾಪಟ್ಟಿ, ದಿನವೂ ಅದೇ ಕ್ರಮ, ಅದೇ ಪಾಠವನ್ನು ಬೇಸರಿಸದೆ ಮತ್ತೆ ಮತ್ತೆ ಹೇಳುವುದು. ಆರು ವರ್ಷದೊಳಗೆ ಪತ್ತೆಯಾಗಿ, ನೆಮ್ಮದಿಯ ಮನೆಯಲ್ಲಿ ಬೆಳೆದ ಮಕ್ಕಳು ಶಾಲೆ ಬಿಡುವುದು, ಕಾನೂನಿನ ತೊಡಕಿಗೆ ಸಿಲುಕುವುದು ಕಡಿಮೆ. ಇನ್ನೊಂದು ಅನ್ಯಾಯವನ್ನೂ ತಮ್ಮ ಗಮನಕ್ಕೆ ತರಬೇಕು. ಇವರಲ್ಲಿ ಬಹುಪಾಲು ಮಕ್ಕಳ ಐಕ್ಯೂ (ಬುದ್ಧಿಮತ್ತೆಯ ಅಂಕ) ಬೌದ್ಧಿಕ ಅಂಗವೈಕಲ್ಯದ ಗಡಿಯಾದ 70ಕ್ಕಿಂತ ಮೇಲಿರುತ್ತದೆ. ಐಕ್ಯೂ ಒಂದನ್ನೇ ಅಳತೆಗೋಲು ಮಾಡಿಕೊಂಡ ನೆರವಿನ ಯೋಜನೆಗಳು ಇವರನ್ನು ಹೊರಗೇ ನಿಲ್ಲಿಸುತ್ತವೆ. ದಿನನಿತ್ಯದ ಕೆಲಸ ನಿಭಾಯಿಸುವ ಸಾಮರ್ಥ್ಯವನ್ನೂ ಅಳೆಯಬೇಕು.

ಇನ್ನು ಕೇಳುವ ಬಗೆ. ಗಂಡನನ್ನೋ ಅತ್ತೆಯನ್ನೋ ಎದುರಿಗೆ ಕೂರಿಸಿಕೊಂಡು ‘ಕುಡಿಯುತ್ತೀರಾ?’ ಎಂದರೆ ಉತ್ತರ ‘ಇಲ್ಲ’ವೇ. ತೂಕ ನೋಡುವ ನೆಪದಲ್ಲಾದರೂ ಒಬ್ಬರನ್ನೇ ಒಳಗೆ ಕರೆದು, ‘ಎಲ್ಲರಿಗೂ ಕೇಳುವ ಪ್ರಶ್ನೆ ಇದು’ ಎಂದು ಮೊದಲೇ ಹೇಳಿ, ಬಸುರಿಗೆ ಹಿಂದಿನ ಮೂರು ತಿಂಗಳಿಂದ ಶುರುಮಾಡಬೇಕು. ಗರ್ಭಿಣಿಯರಿಗೆಂದೇ ರೂಪಿಸಿದ ಟಿ-ಏಸ್ ಪ್ರಶ್ನಾವಳಿಯಲ್ಲಿ ನಾಲ್ಕೇ ಪ್ರಶ್ನೆ: ಅಮಲು ಏರಲು ಎಷ್ಟು ಬೇಕು? ನಿಮ್ಮ ಕುಡಿತದ ಬಗ್ಗೆ ಯಾರಾದರೂ ಆಡಿಕೊಂಡು ಬೇಸರ ಪಡಿಸಿದ್ದಾರೆಯೇ? ಕಡಿಮೆ ಮಾಡಬೇಕು ಅನ್ನಿಸಿತ್ತೇ? ಬೆಳಿಗ್ಗೆ ಎದ್ದೊಡನೆ ಕುಡಿದದ್ದುಂಟೇ? ಮೊದಲನೆಯದಕ್ಕೆ ಎರಡು ಡ್ರಿಂಕಿಗಿಂತ ಹೆಚ್ಚು ಎಂದರೆ 2 ಅಂಕ, ಉಳಿದವಕ್ಕೆ ‘ಹೌದು’ ಎಂದರೆ ಒಂದೊಂದು. ಒಟ್ಟು 2 ದಾಟಿದರೆ ಅಥವಾ 2 ಬಂದರೆ ಮುಂದಿನ ವಿಚಾರಣೆ ಬೇಕು. ಒಂದೆರಡು ನಿಮಿಷದ ಕೆಲಸ. ಪ್ರತಿ ಮೂರು ತಿಂಗಳಿಗೊಮ್ಮೆ ಮತ್ತೆ ಕೇಳಬೇಕು.

ಒಂದು ಎಚ್ಚರಿಕೆಯನ್ನು ಆದೇಶದಲ್ಲೇ ಸೇರಿಸಿ. ಬಹುಪಾಲು ಹೆಂಗಸರು ವಿಷಯ ತಿಳಿಸಿದರೆ ಅಂದೇ ಕುಡಿತ ಬಿಡಬಹುದು. ಆದರೆ ದಿನವೂ ಹೆಚ್ಚು ಕುಡಿದು ದೇಹ ಅದಕ್ಕೆ ಒಗ್ಗಿಹೋಗಿರುವಾಕೆಗೆ ‘ಇವತ್ತೇ ಬಿಡಿ’ ಎಂದು ಮನೆಗೆ ಕಳಿಸಿದರೆ ಅಪಾಯ. ಆರೇಳು ಗಂಟೆಯಲ್ಲಿ ಕೈನಡುಕ, ಬೆವರು. ಎರಡು ದಿನದೊಳಗೆ ಫಿಟ್ಸ್. ಆಮೇಲೆ ಭ್ರಮೆ, ಜ್ವರ. ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತು. ಅಂಥವರನ್ನು ಒಳರೋಗಿಯಾಗಿ ದಾಖಲಿಸಿ, ನಡುಕ, ಫಿಟ್ಸ್ ತಡೆಯುವ ಬೆಂಜೊಡಯಜೆಪೀನ್ ಔಷಧ ಮತ್ತು ಥಯಮಿನ್ (ವಿಟಮಿನ್ ಬಿ1) ಕೊಟ್ಟು ನಿಗಾದಲ್ಲಿ ಬಿಡಿಸಬೇಕು. ಹೆರಿಗೆ ಆಸ್ಪತ್ರೆಗೂ ಮನೋವೈದ್ಯ ವಿಭಾಗಕ್ಕೂ ನಡುವೆ ಇದಕ್ಕೊಂದು ಹಾಸಿಗೆ ಗೊತ್ತುಮಾಡದೆ ಪ್ರಶ್ನೆ ಮಾತ್ರ ಕೇಳಿಸಿದರೆ ನರ್ಸುಗಳೇ ಕೇಳುವುದನ್ನು ಬಿಡುತ್ತಾರೆ. ಮನೆಯಲ್ಲಿ ಗಂಡ ಕುಡಿಯುತ್ತಿದ್ದರೆ ಹೆಂಡತಿಗೆ ಬಿಡುವುದು ಕಷ್ಟ, ಹಾಗಾಗಿ ಆತನನ್ನೂ ಕರೆಸಿ ಮಾತಾಡುವ ವ್ಯವಸ್ಥೆ ಇರಲಿ.

ಬಾಟಲಿಯ ಮೇಲೆ ಗರ್ಭಿಣಿಯರಿಗೆ ಎಚ್ಚರಿಕೆ ಮುದ್ರಿಸುವುದು ಅಮೆರಿಕದಲ್ಲಿ 1989ರಿಂದ, ಫ್ರಾನ್ಸಿನಲ್ಲಿ 2007ರಿಂದ, ಆಸ್ಟ್ರೇಲಿಯಾದಲ್ಲಿ 2023ರಿಂದ ಕಡ್ಡಾಯ. ಅದೂ ಬರಲಿ.

ಕಾರ್ಡಿನಲ್ಲಿ ಬರೆದ ಉತ್ತರ ಪೊಲೀಸರಿಗೆ, ಉದ್ಯೋಗದಾತರಿಗೆ, ಮನೆಯವರಿಗೆ ಹೋಗುವುದಿಲ್ಲ, ಅದರ ಆಧಾರದ ಮೇಲೆ ಯಾವ ತಾಯಿಯಿಂದಲೂ ಮಗುವನ್ನು ಕಿತ್ತುಕೊಳ್ಳುವುದಿಲ್ಲ ಎಂಬ ಮಾತು ತಮ್ಮ ಆದೇಶದಲ್ಲಿ ಮೊದಲ ಸಾಲಾಗಿ ಬರಬೇಕು. ಶಿಕ್ಷೆಯ ಭಯ ಹುಟ್ಟಿದರೆ ಆಕೆ ಸುಳ್ಳು ಹೇಳುತ್ತಾಳೆ, ಅಥವಾ ತಪಾಸಣೆಗೇ ಬರುವುದಿಲ್ಲ. ಈ ಆದೇಶ ಯಾವ ತಿಂಗಳಿನಿಂದ ಜಾರಿಗೆ ಬರುತ್ತದೆ ಎಂದು ತಾವು ಸಾರ್ವಜನಿಕವಾಗಿ ತಿಳಿಸಬೇಕೆಂದು ವಿನಂತಿ.

ಇತಿ,
ಗರ್ಭಿಣಿಯರ ಆರೈಕೆ ಮತ್ತು ಮಕ್ಕಳ ಬೆಳವಣಿಗೆಯ ಕ್ಷೇತ್ರದಲ್ಲಿ ದುಡಿಯುವ ವೈದ್ಯರು, ನರ್ಸುಗಳು, ವಿಶೇಷ ಶಿಕ್ಷಕರು