‘ಇದರಿಂದ ಯಾರಿಗೆ ಲಾಭ?’

ಪ್ರೀತಿಯ ಮಗಳೇ,

ನಿನ್ನ ಕಾದಂಬರಿಯ ಹಸ್ತಪ್ರತಿ ಬಂದು ಮೂರು ವಾರವಾಯಿತು. ಮೇಲೆ ಅಂಟಿಸಿದ್ದ ಚೀಟಿಯಲ್ಲಿ ‘ಸರ್, ಬರೆಯುವುದನ್ನೇ ಬಿಟ್ಟುಬಿಡೋಣ ಅನ್ನಿಸಿದೆ’ ಅಂತ ಬರೆದಿದ್ದೀಯ. ಬಿಡುವವರು ಇನ್ನೂರು ಪುಟ ಕೈಯಲ್ಲೇ ನಕಲು ಮಾಡಿ, ದಾರ ಹಾಕಿ ಹೊಲಿದು ಕಳಿಸುವುದಿಲ್ಲ ಕಣಮ್ಮ. ಆದ್ದರಿಂದ ಆ ಮಾತನ್ನು ನಾನು ನಂಬಲಿಲ್ಲ. ಹಸ್ತಪ್ರತಿಯನ್ನು ಮಾತ್ರ ಎರಡು ಸಲ ಓದಿದೆ.

ಪ್ರಕಾಶಕರನ್ನು ಹೇಗೆ ಹಿಡಿಯಬೇಕು, ಅಧ್ಯಾಯ ಎಷ್ಟು ಉದ್ದವಿರಬೇಕು, ದಿನಕ್ಕೆ ಎಷ್ಟು ಪುಟ ಬರೆಯಬೇಕು ಎಂದೆಲ್ಲ ಕೇಳಿದ್ದೀಯ. ಅದನ್ನು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ನಿನ್ನ ಕೊನೆಯ ಅಧ್ಯಾಯದ ಮೇಲೆ ಸಿಟ್ಟಿದೆ, ಅದನ್ನು ಮೊದಲು ಹೇಳಿ ಮುಗಿಸುತ್ತೇನೆ.

ಕಾಂಬೋಡಿಯಾದ ಶಾಲಾ ಶಿಕ್ಷಕಿಯಾದ ನಿನ್ನ ನಾಯಕಿ, ಆ ದೇಶವನ್ನು ಆಳುತ್ತಿದ್ದ ಪೋಲ್ ಪಾಟ್‌ನ ಕಮ್ಯುನಿಸ್ಟ್ ಪಡೆ ಖ್ಮೇರ್ ರೂಜ್ ಕೈಯಿಂದ ತಪ್ಪಿಸಿಕೊಂಡು ಥಾಯ್ಲೆಂಡ್ ಗಡಿ ದಾಟುತ್ತಾಳೆ. ಸರಿ, ಹಾಗೆ ದಾಟಿದವರಿದ್ದರು. ಆಮೇಲೆ 1979ರಲ್ಲಿ ಅವಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ನಿಂತು ಮಾತಾಡುತ್ತಾಳೆ, ಸಭೆ ಎದ್ದು ನಿಲ್ಲುತ್ತದೆ, ‘ಜಗತ್ತು ಕಣ್ಣು ತೆರೆಯಿತು’ ಅಂತ ಬರೆದು ನೀನು ಪೆನ್ನು ಕೆಳಗಿಟ್ಟಿದ್ದೀಯ. ಆ ವರ್ಷ ಆ ಸಭೆಯಲ್ಲಿ ಕಾಂಬೋಡಿಯಾದ ಕುರ್ಚಿಯಲ್ಲಿ ಕೂತಿದ್ದವರು ಯಾರು, ನೋಡಿದೆಯಾ? ಪೋಲ್ ಪಾಟ್‌ನ ಪ್ರತಿನಿಧಿ. ಜನವರಿ 7ರಂದು ವಿಯೆಟ್ನಾಂ ಸೇನೆ ರಾಜಧಾನಿ ನಾಮ್ ಪೆನ್ ಹಿಡಿದು ಆ ಸರ್ಕಾರವನ್ನು ಓಡಿಸಿ ಎಂಟು ತಿಂಗಳಾಗಿತ್ತು. ಸೆಪ್ಟೆಂಬರಿನಲ್ಲಿ ಮಹಾಸಭೆ ಮತಕ್ಕೆ ಹಾಕಿತು. ಕುರ್ಚಿ ಓಡಿಹೋದವರಿಗೇ ಇರಲಿ ಎಂದವರು 71 ದೇಶ, ಬೇಡ ಎಂದವರು 35, ಯಾವ ಕಡೆಗೂ ಕೈ ಎತ್ತದವರು 34. ನಿನ್ನ ಶಿಕ್ಷಕಿ ಯಾರ ಮುಂದೆ ಮಾತಾಡಿದಳು?

ಇಷ್ಟು ವಿಷಯ ನಿನಗೆ ಗೊತ್ತಿರಲಿಲ್ಲ ಅಂತ ನಾನು ಅಂದುಕೊಂಡಿಲ್ಲ. ಹಿಂದಿನ ಅಧ್ಯಾಯಗಳನ್ನೆಲ್ಲ ನೋಡಿದರೆ ಓದಿಯೇ ಬರೆದಿದ್ದೀಯ. ಗೊತ್ತಿದ್ದೂ ಬಿಟ್ಟಿದ್ದೀಯ. ಯಾಕೆ ಬಿಟ್ಟೆ ಅನ್ನುವುದೂ ನನಗೆ ಗೊತ್ತು, ಯಾಕೆಂದರೆ ನಾನೂ ಅದನ್ನೇ ಮಾಡಿದವನು. ಬರೆದರೆ ವಿಯೆಟ್ನಾಂ ಒಳ್ಳೆಯವರಾಗಿಬಿಡುತ್ತಾರೆ, ಅಮೆರಿಕ ಕೆಟ್ಟವರಾಗುತ್ತಾರೆ, ಖ್ಮೇರ್ ರೂಜ್ ಬೆನ್ನಿಗೆ ನಿಂತಿದ್ದ ಚೀನಾ ಇನ್ನೂ ಕೆಟ್ಟವರು. ಇದನ್ನು ಯಾರು ಯಾವುದಕ್ಕೆ ಬಳಸಿಕೊಳ್ಳುತ್ತಾರೋ ಅನ್ನುವ ಹೆದರಿಕೆ.

1978ರಲ್ಲಿ ನನಗೆ ಇಪ್ಪತ್ತಾರು ವರ್ಷ. ಒಂದು ಸಣ್ಣ ಪತ್ರಿಕೆಗೆ ಬಂದ ಬರಹ ನೋಡುವ ಕೆಲಸ ನನ್ನದು. ಅಮೆರಿಕ 1969ರಿಂದ 1973ರವರೆಗೆ ಕಾಂಬೋಡಿಯಾದ ಹಳ್ಳಿಗಳ ಮೇಲೆ ಲಕ್ಷಗಟ್ಟಲೆ ಟನ್ ಬಾಂಬು ಸುರಿದದ್ದನ್ನು ಓದಿ ರಕ್ತ ಕುದಿದಿದ್ದ ಪೀಳಿಗೆ ನಮ್ಮದು. ಕುದಿದದ್ದರಲ್ಲಿ ತಪ್ಪೇನಿರಲಿಲ್ಲ. ಆಗ ಗೆಳೆಯನೊಬ್ಬ ಗಡಿಯ ಶಿಬಿರ ಸೇರಿದ್ದ ನಿರಾಶ್ರಿತನೊಬ್ಬನ ಹೇಳಿಕೆಯನ್ನು ಅನುವಾದಿಸಿ ಕಳಿಸಿದ. ಐದೇ ಪುಟ. ಓದು ಬರಹ ಬಲ್ಲವನೆಂದು ಗೊತ್ತಾದರೆ ಕೊಂದಾರೆಂದು ಆ ಮನುಷ್ಯ ತನ್ನ ಕನ್ನಡಕವನ್ನು ಗದ್ದೆಯ ಬದುವಿನಲ್ಲಿ ಹೂತಿದ್ದನಂತೆ. ಆಮೇಲೆ ಎರಡು ವರ್ಷ ಮಂಜುಗಣ್ಣಲ್ಲೇ ನಾಟಿ ಮಾಡಿದ. ಹೆಂಡತಿ ಆಚೆ ಗದ್ದೆಯಲ್ಲಿ ಬಗ್ಗಿರುತ್ತಿದ್ದಳು. ಸಾಲಿನಲ್ಲಿ ಅವಳು ಯಾರು ಅಂತ ಇವನಿಗೆ ಕಾಣುತ್ತಿರಲಿಲ್ಲ. ಒಂದು ದಿನ ಅವಳು ಸಾಲಿನಲ್ಲಿ ಇರಲಿಲ್ಲ. ಅದೂ ಇವನಿಗೆ ಕಾಣಲಿಲ್ಲ. ಸಂಜೆ ಗೊತ್ತಾಯಿತು.

ನಾನು ಅದರ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಇದರಿಂದ ಯಾರಿಗೆ ಲಾಭ?’ ಅಂತ ಗೀಚಿ ವಾಪಸು ಕಳಿಸಿದೆ. ಭಾರಿ ಬುದ್ಧಿವಂತಿಕೆಯ ಪ್ರಶ್ನೆ ಕೇಳಿದೆ ಅಂತ ಬೀಗಿದೆ ಕೂಡ. ಗೆಳೆಯ ಮತ್ತೆ ನನಗೇನೂ ಕಳಿಸಲಿಲ್ಲ, ಮಾತಾಡುವುದನ್ನೂ ಕಡಿಮೆ ಮಾಡಿದ. ಅವನು ತೀರಿಕೊಂಡು ಹನ್ನೊಂದು ವರ್ಷವಾಯಿತು. ಕ್ಷಮೆ ಕೇಳಬೇಕಾದ ಕಾಲದಲ್ಲಿ ಕೇಳದೆ ಈಗ ನಿನ್ನ ಮುಂದೆ ಹೇಳಿಕೊಳ್ಳುತ್ತಿರುವುದು ಸುಲಭದ ಕೆಲಸ ಅನ್ನುವುದೂ ನನಗೆ ಗೊತ್ತು.

ಆ ಪ್ರಶ್ನೆ ನನ್ನೊಬ್ಬನದಾಗಿರಲಿಲ್ಲ. ಅದೇ 1978ರಲ್ಲಿ ಬ್ರಿಟನ್, ಕೆನಡಾ, ನಾರ್ವೆಯಂಥ ದೇಶಗಳು ನಿರಾಶ್ರಿತರ ಹೇಳಿಕೆಗಳನ್ನು ವಿಶ್ವಸಂಸ್ಥೆಯ ಮಾನವ ಹಕ್ಕು ಆಯೋಗದ ಮುಂದೆ ಇಟ್ಟವು. ಇದು ನಮ್ಮ ಆಂತರಿಕ ವಿಷಯಕ್ಕೆ ಕೈ ಹಾಕುವ ಕೆಲಸ ಎಂದಿತು ಕಾಂಬೋಡಿಯಾದ ಸರ್ಕಾರ. ಮರುವರ್ಷದ ಹೊತ್ತಿಗೆ ಸರ್ಕಾರವೇ ಬಿದ್ದಿತ್ತು, ಆಯೋಗ ಚರ್ಚೆಯನ್ನು ಮುಂದಕ್ಕೆ ಹಾಕಿತು. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿದ್ದ ಅಮೆರಿಕದ ಸೆನೆಟರ್ ಜಾರ್ಜ್ ಮೆಕ್‌ಗವರ್ನ್, ಕಾಂಬೋಡಿಯಾಕ್ಕೆ ಅಂತರರಾಷ್ಟ್ರೀಯ ಸೇನೆ ಕಳಿಸಬೇಕು ಅಂದಾಗ ಜನ ಬೆರಗಾದರು. ಯುದ್ಧ ಬೇಡ ಎಂದವನ ಬಾಯಲ್ಲಿ ಈ ಮಾತೇ ಅಂತ. ಅಮೆರಿಕದ ಅಧ್ಯಕ್ಷ ಕಾರ್ಟರ್ 1978ರ ಏಪ್ರಿಲ್‌ನಲ್ಲಿ, ಮಾನವ ಹಕ್ಕು ತುಳಿಯುವುದರಲ್ಲಿ ಇವರಷ್ಟು ಕೆಟ್ಟವರು ಜಗತ್ತಿನಲ್ಲಿಲ್ಲ ಎಂಬರ್ಥದ ಹೇಳಿಕೆ ಕೊಟ್ಟಿದ್ದರು. ಮುಂದಿನ ವರ್ಷ ಅವರದೇ ಸರ್ಕಾರ ಆ 71ರಲ್ಲಿ ಒಂದಾಗಿ ಕೈ ಎತ್ತಿತು. ಪೋಲ್ ಪಾಟ್‌ನನ್ನು ಓಡಿಸಿದ್ದು ವಿಯೆಟ್ನಾಂ, ವಿಯೆಟ್ನಾಮಿನ ಬೆನ್ನಿಗೆ ಸೋವಿಯತ್. ಹಾಗಾದರೆ ಲಾಭ ಯಾರಿಗೆ? ನಾನು ಅಂಚಿನಲ್ಲಿ ಗೀಚಿದ್ದನ್ನೇ ಇವರು ಮತಪಟ್ಟಿಯಲ್ಲಿ ಗೀಚಿದರು. ಅಷ್ಟರಲ್ಲಿ 17ರಿಂದ 20 ಲಕ್ಷ ಜನ ಸತ್ತುಹೋಗಿದ್ದರು, ದೇಶದ ಐದರಲ್ಲೊಂದು ಪಾಲಿಗೂ ಹೆಚ್ಚು. ಅಲ್ಲಿಯವರು ಪೋಲ್ ಪಾಟ್ ಆಳಿದ ಕಾಲವನ್ನು ದಿನದ ಲೆಕ್ಕದಲ್ಲಿ ಹೇಳುತ್ತಾರೆ: ಮೂರು ವರ್ಷ, ಎಂಟು ತಿಂಗಳು, ಇಪ್ಪತ್ತು ದಿನ.

ಈಗ ಖ್ಮೇರ್ ರೂಜ್‌ನ ಜೈಲಾಗಿದ್ದ ತುವೋಲ್ ಸ್ಲೆಂಗ್ ಬಗ್ಗೆ ನೀನು ಬರೆದ ಭಾಗ. ‘ಭೀಕರ’, ‘ಘೋರ’, ‘ಅಮಾನುಷ’ ಅಂತ ಒಂದೇ ಪುಟದಲ್ಲಿ ಒಂಬತ್ತು ಸಲ ಬಂದಿದೆ, ಎಣಿಸಿದೆ. ಈಗ ಮ್ಯೂಸಿಯಮ್ಮಾಗಿರುವ ಅಲ್ಲಿಗೆ ನಾನು ಒಮ್ಮೆ ಹೋಗಿದ್ದೆ. ಮೊದಲು ಅದು ಹೈಸ್ಕೂಲು ಕಣಮ್ಮ. ಮೂರು ಮಹಡಿ, ಉದ್ದ ವರಾಂಡ, ಕೋಣೆಗಳಲ್ಲಿ ಚದುರಂಗದ ಮನೆಯಂಥ ನೆಲಹಾಸು. ಒಂದು ಕಟ್ಟಡದ ವರಾಂಡಕ್ಕೆ ಮೇಲಿಂದ ಕೆಳಗಿನವರೆಗೆ ಮುಳ್ಳುತಂತಿ ಹೆಣೆದಿದ್ದಾರೆ. ಕೈದಿಗಳು ಓಡಿಹೋಗದಿರಲೆಂದು ಹಾಕಿದ್ದಾರೆ ಅಂದುಕೊಂಡೆ. ಹಾರಿ ಸಾಯದಿರಲೆಂದು ಹಾಕಿದ್ದಂತೆ. ಆ ತಂತಿ ನೋಡಿದ ಮೇಲೆ ನಿನ್ನ ಒಂಬತ್ತು ವಿಶೇಷಣ ಯಾತಕ್ಕೆ ಬೇಕು?

ಅವರನ್ನು ಸಾಯಲು ಬಿಡದಿದ್ದದ್ದು ಬರವಣಿಗೆಗೆ. ಇದನ್ನು ನೀನು ಎರಡೇ ಸಾಲಿನಲ್ಲಿ ದಾಟಿಬಿಟ್ಟಿದ್ದೀಯ, ನನಗೆ ಅಳು ಬರುವಷ್ಟು ಬೇಸರವಾಯಿತು. ಎಸ್-21 ಅಂತ ಕರೆಯುತ್ತಿದ್ದ ಆ ಜೈಲಿಗೆ 12,000ಕ್ಕೂ ಹೆಚ್ಚು ಜನರನ್ನು ತಂದರು. ಎದೆಗೆ ಸಂಖ್ಯೆ ಚುಚ್ಚಿ ಫೋಟೋ ತೆಗೆದರು. ಹೊಡೆದು ಹೊಡೆದು ತಪ್ಪೊಪ್ಪಿಗೆ ಬರೆಸಿದರು. ಹುಟ್ಟಿದ್ದೆಲ್ಲಿ, ಓದಿದ್ದೆಲ್ಲಿ, ಅಮೆರಿಕದ ಗೂಢಚಾರ ಸಂಸ್ಥೆ ಸಿಐಎಯನ್ನು ಯಾವಾಗ ಸೇರಿದೆ, ಯಾರ್‍ಯಾರನ್ನು ಸೇರಿಸಿದೆ. ಜೈಲಿನ ಮುಖ್ಯಸ್ಥ ಡುಚ್ ಗಣಿತದ ಮೇಷ್ಟ್ರಾಗಿದ್ದವನು. ಉತ್ತರಪತ್ರಿಕೆ ತಿದ್ದಿದ ಹಾಗೆ ತಿದ್ದುತ್ತಿದ್ದ. ಇಲ್ಲಿ ಅಸ್ಪಷ್ಟ, ಇಲ್ಲಿ ಇನ್ನೊಂದು ಹೆಸರು ಬರಬೇಕು ಅಂತ ಅಂಚಿನಲ್ಲಿ ಬರೆದು ವಾಪಸು ಕಳಿಸುತ್ತಿದ್ದ. ಮತ್ತೆ ಹೊಡೆತ, ಮತ್ತೆ ಬರೆಯುವುದು. ಓದುವವನಿಗೆ ಬೇಕಾದದ್ದು ಸಿಕ್ಕಾಗ ಬರೆದವನನ್ನು ಲಾರಿ ಹತ್ತಿಸಿ ಕೊಲ್ಲುವ ಜಾಗವಾದ ಚೋಂಗ್ ಎಕ್‌ಗೆ ಒಯ್ಯುತ್ತಿದ್ದರು. ಕೊಲ್ಲುವುದಕ್ಕೆ ಅವರು ಬಳಸುತ್ತಿದ್ದ ಖ್ಮೇರ್ ಪದದ ಅರ್ಥ ‘ಪುಡಿ ಮಾಡು’. ನೀನು ಎಲ್ಲ ಕಡೆ ‘ಹತ್ಯೆಗೈದರು’ ಅಂತ ಬರೆದಿದ್ದೀಯ. ಬೇಡ. ಅವರ ಪದವನ್ನೇ ಬರಿ.

ಚುಮ್ ಮೇ ಅಂತ ಒಬ್ಬ ಮೆಕ್ಯಾನಿಕ್. ಹನ್ನೆರಡು ದಿನ ಹೊಡೆಸಿಕೊಂಡು ಸಿಐಎ, ಸೋವಿಯತ್ತಿನ ಗೂಢಚಾರ ಸಂಸ್ಥೆ ಕೆಜಿಬಿ ಎರಡರ ಏಜೆಂಟ್ ತಾನು ಅಂತ ಒಪ್ಪಿಕೊಂಡ. ಸಿಐಎ ಅಂದರೇನು ಅಂತಲೇ ಅವನಿಗೆ ಗೊತ್ತಿರಲಿಲ್ಲ. ಟೈಪ್‌ರೈಟರ್, ಹೊಲಿಗೆ ಯಂತ್ರ ರಿಪೇರಿ ಬರುತ್ತಿತ್ತು ಅಂತ ಉಳಿಸಿಕೊಂಡರು. ವಾನ್ ನಾಥ್ ಅಂತ ಇನ್ನೊಬ್ಬ, ಚಿತ್ರಕಾರ. ಪೋಲ್ ಪಾಟ್‌ನ ಭಾವಚಿತ್ರ ಬರೆಯಲು ಬೇಕಾಗಿದ್ದ. ಕೊಲ್ಲಬೇಕಾದವರ ಪಟ್ಟಿಯಲ್ಲಿ ಅವನ ಹೆಸರಿನ ಪಕ್ಕ ‘ಇರಲಿ’ ಅಂತ ಒಂದು ಟಿಪ್ಪಣಿ. ಅಷ್ಟರ ಮೇಲೆ ಅವನು 2011ರವರೆಗೆ ಬದುಕಿದ. ಪಟ್ಟಿಯ ಅಂಚಿನಲ್ಲಿ ಬರೆಯುವವರ ಕೈ ಎಂಥದ್ದು ನೋಡು. ಆ ಮ್ಯೂಸಿಯಮ್ಮಿನಲ್ಲಿ ನಿಂತಾಗ ನನಗೆ ನೆನಪಾದದ್ದು ನನ್ನದೇ ಕೆಂಪು ಪೆನ್ನು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವಷ್ಟು ಮೂರ್ಖ ನಾನಲ್ಲ. ನನ್ನ ಗೀಚಿನಿಂದ ಯಾರೂ ಸಾಯಲಿಲ್ಲ. ಆದರೆ ನನಗೆ ಬೇಕಾದ ಮಾತನ್ನು ಅವನು ಹೇಳಲಿಲ್ಲವೆಂದೇ ಕನ್ನಡಕ ಹೂತವನ ಮಾತು ಅಚ್ಚಾಗಲಿಲ್ಲ.

ನೀನು ಕೊನೆಯ ಅಧ್ಯಾಯದಲ್ಲಿ ಮಾಡಿದ್ದೂ ಓದುವವರಿಗೆ ಬೇಕಾದದ್ದನ್ನು ಬರೆದ ಕೆಲಸವೇ. ಗದರುತ್ತಿದ್ದೇನೆ ಅಂತ ಅಂದುಕೋಬೇಡ. ಗದರುತ್ತಲೇ ಇದ್ದೇನೆ.

‘ಹಾಗಾದರೆ ಕೊನೆಗೆ ನ್ಯಾಯ ಸಿಗಲೇ ಇಲ್ಲವೇ’ ಅಂತ ಕೇಳುತ್ತೀಯ. ಕಾಂಬೋಡಿಯಾದ ಯುದ್ಧ ನಿಲ್ಲಿಸಲು ಮಾಡಿದ 1991ರ ಪ್ಯಾರಿಸ್ ಒಪ್ಪಂದ ಓದು, ಬರಹಗಾರರು ಓದಲೇಬೇಕಾದದ್ದು. ಖ್ಮೇರ್ ರೂಜ್ ಕೂಡ ಸಹಿ ಹಾಕಬೇಕಿತ್ತಲ್ಲ, ಹಾಗಾಗಿ ನರಮೇಧ ಅನ್ನುವ ಪದವೇ ಅದರಲ್ಲಿಲ್ಲ. ‘ಹಿಂದಿನ ನೀತಿಗಳು ಮತ್ತು ಪದ್ಧತಿಗಳು’ ಮರುಕಳಿಸದಿರಲಿ ಅಂತ ಇದೆ. ಇಪ್ಪತ್ತು ಲಕ್ಷ ಹೆಣದ ಮೇಲೆ ಇಷ್ಟು ತೆಳುವಾದ ಬಟ್ಟೆ ಹೊದಿಸಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಪೋಲ್ ಪಾಟ್ 1998ರಲ್ಲಿ ಯಾವ ಅಂತರರಾಷ್ಟ್ರೀಯ ನ್ಯಾಯಾಲಯವನ್ನೂ ನೋಡದೆ ಸತ್ತ. ವಿಶ್ವಸಂಸ್ಥೆ ಮತ್ತು ಕಾಂಬೋಡಿಯಾ ಸೇರಿ ಮಾಡಿದ ನ್ಯಾಯಾಲಯ 2006ರಲ್ಲಿ ಶುರುವಾಗಿ 2022ರಲ್ಲಿ ಕೊನೆಯ ತೀರ್ಪು ಕೊಟ್ಟಿತು. 33 ಕೋಟಿ ಡಾಲರಿಗೂ ಹೆಚ್ಚು ಖರ್ಚು, ಶಿಕ್ಷೆಯಾದದ್ದು ಮೂವರಿಗೆ. ಅದನ್ನು ಹೀಯಾಳಿಸುವವರ ಜೊತೆ ನಾನಿಲ್ಲ. 2009ರಲ್ಲಿ ಚುಮ್ ಮೇ, ವಾನ್ ನಾಥ್ ಇಬ್ಬರೂ ಡುಚ್ ಕೂತಿದ್ದ ಕೋಣೆಯಲ್ಲೇ ಸಾಕ್ಷಿ ಹೇಳಿದರು. ಯಾರೂ ಅಂಚಿನಲ್ಲಿ ತಿದ್ದಲಿಲ್ಲ. ನಿನ್ನ ಶಿಕ್ಷಕಿ ಮಾತಾಡಲೇಬೇಕೆಂದಿದ್ದರೆ ಅವಳನ್ನು ಆ ಮೂವತ್ತು ವರ್ಷ ಕಾಯಿಸು. ಮುದುಕಿಯಾಗಲಿ. ಮಾತಾಡುವ ಹೊತ್ತಿಗೆ ಅರ್ಧ ಮರೆತಿರಲಿ.

ಹೊಗಳುವುದಕ್ಕೆ ಪುಟ ಉಳಿದಿಲ್ಲ, ಆದರೂ ಒಂದು ಹೇಳುತ್ತೇನೆ. ಖ್ಮೇರ್ ರೂಜ್ ನಾಮ್ ಪೆನ್ ಹಿಡಿದ ದಿನ, 1975ರ ಏಪ್ರಿಲ್ 17ರಂದು, ಶಿಕ್ಷಕಿಯ ಚಿಕ್ಕಮ್ಮ ಮನೆ ಬಿಡುವ ನಾಲ್ಕು ಪುಟ. ಅಮೆರಿಕದವರು ಬಾಂಬು ಹಾಕುತ್ತಾರೆ, ಮೂರು ದಿನ ಊರಾಚೆ ಇದ್ದು ಬನ್ನಿ ಅಂತ ಹುಡುಗರು ಬಂದೂಕು ಹಿಡಿದು ಹೇಳುತ್ತಾರೆ. ಆಸ್ಪತ್ರೆಯ ರೋಗಿಗಳನ್ನು ಮಂಚದ ಸಮೇತ ರಸ್ತೆಯಲ್ಲಿ ತಳ್ಳಿಕೊಂಡು ಹೋಗುತ್ತಿರುತ್ತಾರೆ. ಚಿಕ್ಕಮ್ಮ ಒಲೆ ಆರಿಸಿ, ಹಿತ್ತಲ ಬಾಗಿಲನ್ನು ಎರಡು ಸಲ ಎಳೆದು ನೋಡಿ, ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಾಳೆ. ಅಲ್ಲಿ ಒಂದೇ ಒಂದು ವಿಶೇಷಣವಿಲ್ಲ. ಅದನ್ನು ಓದಿ ನಾನು ಸ್ವಲ್ಪ ಹೊತ್ತು ಎದ್ದು ಓಡಾಡಿದೆ.

ಹಸ್ತಪ್ರತಿಯನ್ನು ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ವಾಪಸು ಕಳಿಸಿದ್ದೇನೆ, ಬೇಡದ್ದನ್ನು ಅಳಿಸಿಕೋ. ಆದರೆ ಪುಟ 37 ಆದಮೇಲೆ ಆ ಬೀಗದ ಕೈ ಎಲ್ಲೂ ಬರುವುದಿಲ್ಲ. ಚಿಕ್ಕಮ್ಮ ಸತ್ತಾಗ ಸೊಂಟದಲ್ಲಿತ್ತಾ? ಯಾರು ಬಿಚ್ಚಿಕೊಂಡರು? ಯೋಚಿಸಿ ಬರಿ.

ನಿನ್ನ ಹಿರಿಯ