ನಮ್ಮ ಕಾಗದಪತ್ರ ಸರಿ ಇದೆ ಅಂತ ಸುಮ್ಮನಿರುವವರಿಗೆ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಪುಟದಲ್ಲಿ ಒಬ್ಬ ಹಿರಿಯರ ಪತ್ರ ಬಂದಿತ್ತು. ಅವರ ಮಗ ಇಂಗ್ಲೆಂಡಿನಲ್ಲಿ ಇದ್ದಾನಂತೆ. ಅಲ್ಲಿ ವಲಸಿಗರ ಮೇಲೆ ಎದ್ದಿರುವ ಗಲಾಟೆಗೆ ನಾವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಅದು ಫ್ರಾನ್ಸ್ ಕಡೆಯಿಂದ ಸಣ್ಣ ಬೋಟಿನಲ್ಲಿ ಕದ್ದು ಬಂದವರ ಮೇಲಿನ ಸಿಟ್ಟು, ನಮ್ಮ ಮಕ್ಕಳು ವೀಸಾ ತಗೊಂಡು, ತೆರಿಗೆ ಕಟ್ಟಿಕೊಂಡು ಮರ್ಯಾದೆಯಿಂದ ಇರುವವರು, ಅವರಿಗೇನೂ ಆಗುವುದಿಲ್ಲ ಅಂತ ಬರೆದಿದ್ದರು. ಹಿರಿಯರಿಗೆ ಬೇಜಾರು ಮಾಡುವ ಉದ್ದೇಶ ನನಗಿಲ್ಲ. ಆದರೆ ನಾನು 2008ರಿಂದ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಇದ್ದೇನೆ. ಮೂಲ ಮಂಡ್ಯದ ಕಡೆ. ಇಲ್ಲಿ ವಯಸ್ಸಾದವರ ಕೇರ್ ಹೋಮ್ ಒಂದರಲ್ಲಿ ಕೆಲಸ. ಆ ಹಿರಿಯರು ಬರೆದ ಮಾತನ್ನೇ ನಾನೂ ತುಂಬ ವರ್ಷ ನಂಬಿಕೊಂಡಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಕತ್ತರಿ ಹಾಕುವುದಿದ್ದರೆ ಹಾಕಿ.

2024ರ ಜುಲೈ 29ರಂದು ಸೌತ್‌ಪೋರ್ಟ್‌ನಲ್ಲಿ ಮಕ್ಕಳ ಡಾನ್ಸ್ ಕ್ಲಾಸಿಗೆ ಒಬ್ಬ ಹುಡುಗ ಚಾಕು ಹಿಡಿದು ನುಗ್ಗಿದ. 3 ಪುಟ್ಟ ಹೆಣ್ಣುಮಕ್ಕಳು ತೀರಿಕೊಂಡರು. ಕೊಂದವನು ಬೋಟಿನಲ್ಲಿ ಬಂದವನು ಅಂತ ಆವತ್ತೇ ಸುದ್ದಿ ಹಬ್ಬಿತು. ಅವನು ಹುಟ್ಟಿದ್ದೇ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ, ಆದರೆ ಅದು ಗೊತ್ತಾಗುವಷ್ಟರಲ್ಲಿ ಬೆಂಕಿ ಹೊತ್ತಿಕೊಂಡಾಗಿತ್ತು. ರಾದರ್‌ಹ್ಯಾಮ್ ಹತ್ತಿರ ನಿರಾಶ್ರಿತರು ಒಳಗಿದ್ದ ಹೋಟೆಲಿಗೇ ಬೆಂಕಿ ಇಡಲು ನೋಡಿದರು. ಸಂಡರ್‌ಲ್ಯಾಂಡ್‌ನಲ್ಲಿ ಆಸ್ಪತ್ರೆಯ ತುರ್ತು ಡ್ಯೂಟಿಗೆ ಟ್ಯಾಕ್ಸಿಯಲ್ಲಿ ಹೊರಟಿದ್ದ ಇಬ್ಬರು ಫಿಲಿಪೈನ್ಸ್ ನರ್ಸ್‌ಗಳ ಮೇಲೆ ಕಲ್ಲು ಬಿತ್ತು. ಮಿಡಲ್ಸ್‌ಬರೋದಲ್ಲಿ ರಸ್ತೆಗೆ ಅಡ್ಡ ನಿಂತು, ಕಾರು ನಿಲ್ಲಿಸಿ, ನೀನು ಬಿಳಿಯನಾ, ಇಂಗ್ಲಿಷಿನವನಾ ಅಂತ ಕೇಳಿದರು. ವೀಸಾ ತೋರಿಸು ಅಂತ ಯಾರೂ ಕೇಳಲಿಲ್ಲ.

ನಮ್ಮ ಕಡೆಯವರದ್ದೊಂದು ವಾಟ್ಸಾಪ್ ಗುಂಪಿದೆ. ಆ ಶನಿವಾರದವರೆಗೂ ಅದರಲ್ಲಿ ಬೋಟಿನವರನ್ನು ಒದ್ದು ಓಡಿಸಬೇಕು ಅನ್ನುವ ವಿಡಿಯೋಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಸೋಮವಾರ ಅದೇ ಜನ, ಅದೇ ಗುಂಪಿನಲ್ಲಿ, ಸಂಜೆ 4ರ ಮೇಲೆ ಹೊರಗೆ ಹೋಗಬೇಡಿ, ಹೆಂಗಸರು ಕುಂಕುಮ ಇಟ್ಟುಕೊಂಡು ಬಸ್ಸು ಹತ್ತಬೇಡಿ ಅಂತ ಹಾಕುತ್ತಿದ್ದರು. ನಾನು ಎರಡನ್ನೂ ಓದಿ ಸುಮ್ನೆ ಕೂತೆ. ಮಾರನೇ ದಿನ ಕೆಲಸಕ್ಕೆ ಹೋಗುವಾಗ ಕನ್ನಡಿ ಮುಂದೆ ನಿಂತು ಕುಂಕುಮ ಒರೆಸಿಕೊಂಡಿದ್ದೂ ನಿಜ.

ಕಾಗದ ಸರಿ ಇದ್ದರೆ ಸಾಕು ಅನ್ನುವವರು ಈ ದೇಶದ ಹಳೆ ಕಥೆ ಸ್ವಲ್ಪ ತಿಳಿದುಕೊಳ್ಳಬೇಕು. 1968ರಲ್ಲಿ ಕೀನ್ಯಾದ ಭಾರತೀಯರ ಹತ್ತಿರ ಇದ್ದದ್ದು ಬ್ರಿಟಿಷ್ ಪಾಸ್‌ಪೋರ್ಟ್. ವೀಸಾ ಅಲ್ಲ, ಪಾಸ್‌ಪೋರ್ಟೇ. ಅವರು ಜಾಸ್ತಿ ಸಂಖ್ಯೆಯಲ್ಲಿ ಬರುತ್ತಿದ್ದಾರೆ ಅಂದ ಕೂಡಲೇ ಕೆಲವೇ ದಿನಗಳಲ್ಲಿ ಹೊಸ ಕಾನೂನು ತಂದು ಬಾಗಿಲು ಹಾಕಿದರು. ಇನ್ನು ಕೆರಿಬಿಯನ್ ದ್ವೀಪಗಳವರು. 1948ರಲ್ಲಿ ಅಲ್ಲಿಂದ ದುಡಿಯಲು ಬಂದವರನ್ನು ಹೊತ್ತು ವಿಂಡ್‌ರಶ್ ಹಡಗು ಬಂತಲ್ಲ, ಆಮೇಲಿನ ವರ್ಷಗಳಲ್ಲಿ ಅಪ್ಪ ಅಮ್ಮನ ಜೊತೆ ಬಂದ ಮಕ್ಕಳು. ಇಲ್ಲೇ ಓದಿ, ದುಡಿದು, ಮುದುಕರಾದ ಮೇಲೆ ದಾಖಲೆ ತೋರಿಸಿ ಅಂದರು. ಅವರು ಬಂದಿಳಿದಾಗ ಕೊಟ್ಟ ಚೀಟಿಗಳನ್ನು ಗೃಹ ಇಲಾಖೆಯೇ 2010ರಲ್ಲಿ ನಾಶ ಮಾಡಿತ್ತು! ಕೆಲಸ ಹೋಯಿತು, ಆಸ್ಪತ್ರೆಯಲ್ಲಿ ಚಿಕಿತ್ಸೆ ನಿಂತಿತು, ಕೆಲವರನ್ನು ವಿಮಾನ ಹತ್ತಿಸಿ ಕಳಿಸಿಯೂ ಬಿಟ್ಟರು. 2018ರಲ್ಲಿ ಇದು ದೊಡ್ಡ ಹಗರಣವಾಗಿ ಗೃಹ ಸಚಿವೆ ಆಂಬರ್ ರಡ್ ರಾಜೀನಾಮೆ ಕೊಟ್ಟರು. ಅವರೆಲ್ಲ ಕಾನೂನು ಪ್ರಕಾರವೇ ಬಂದವರು ಸ್ವಾಮಿ.

ನಾನಿರುವ ಊರಿನ ಕಥೆ ಇನ್ನೂ ಚೆನ್ನಾಗಿದೆ. 1972ರಲ್ಲಿ ಸರ್ವಾಧಿಕಾರಿ ಇದಿ ಅಮೀನ್ ಉಗಾಂಡದ ಭಾರತೀಯರಿಗೆ 90 ದಿನ ಗಡುವು ಕೊಟ್ಟು ಓಡಿಸಿದನಲ್ಲ, ಆಗ ಲೆಸ್ಟರ್ ನಗರಸಭೆ ಅಲ್ಲಿಯ ಪತ್ರಿಕೆಯಲ್ಲಿ ದುಡ್ಡು ಕೊಟ್ಟು ಜಾಹೀರಾತು ಹಾಕಿಸಿತು. ನಮ್ಮಲ್ಲಿ ಮನೆಗಳಿಲ್ಲ, ಶಾಲೆಗಳು ತುಂಬಿವೆ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇವೆ, ಲೆಸ್ಟರ್‌ಗೆ ಮಾತ್ರ ಬರಬೇಡಿ ಅನ್ನುವ ಅರ್ಥದಲ್ಲಿ. ಆ ಜಾಹೀರಾತು ನೋಡಿಯೇ ಲೆಸ್ಟರ್ ಅಂತ ಒಂದು ಊರಿದೆ ಅಂತ ಗೊತ್ತಾಯಿತು ಅಂತ ಇಲ್ಲಿಯ ಹಳಬರು ನಗುತ್ತಾರೆ. ಬ್ರಿಟನ್ನಿಗೆ ಬಂದದ್ದು ಸುಮಾರು 28 ಸಾವಿರ ಜನ. ಸಾವಿರಾರು ಮಂದಿ ಸೀದಾ ಇಲ್ಲಿಗೇ ಬಂದರು. ಇವತ್ತು ಬೆಲ್‌ಗ್ರೇವ್ ರಸ್ತೆಯಲ್ಲಿ ಸೀರೆ, ಬಂಗಾರ, ಗುಜರಾತಿ ಕುರುಕಲು ತಿಂಡಿ ಫರ್ಸಾಣ್ ಎಲ್ಲ ಸಿಗುತ್ತದೆ. 2021ರ ಜನಗಣತಿ ಪ್ರಕಾರ ಊರಿನಲ್ಲಿ ಶೇ 43ರಷ್ಟು ಜನ ಏಷ್ಯಾ ಮೂಲದವರು. ದೀಪಾವಳಿ ದೀಪಗಳನ್ನು ನೋಡಲು ಹೊರಗಿನವರು ಬರುತ್ತಾರೆ, ಅದೇ ನಗರಸಭೆ ಈಗ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. (ಬರೀ ಒಳ್ಳೆಯದನ್ನೇ ಬರೆದರೆ ಮೋಸ ಆಗುತ್ತದೆ. 2022ರಲ್ಲಿ ಭಾರತ-ಪಾಕಿಸ್ತಾನ ಕ್ರಿಕೆಟ್ ಮ್ಯಾಚ್ ಆದ ಮೇಲೆ ಇದೇ ಊರಿನಲ್ಲಿ ನಮ್ಮ ಹುಡುಗರೂ ಮುಸ್ಲಿಂ ಹುಡುಗರೂ ಬೀದಿಗಿಳಿದರು. ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ಜೊತೆ ಜಗಳವನ್ನೂ ತುಂಬಿಕೊಂಡು ಬಂದಿದ್ದೇವೆ. ಇಂಗ್ಲಿಷಿನವರು ಅದನ್ನು ಕಂಡು ಮುಖ ಸಿಂಡರಿಸಿದರೆ ತಪ್ಪು ಹೇಳಲಾರೆ.)

ಹಾಗೆ ನೋಡಿದರೆ ಏರಿದ ಏಣಿ ಒದೆಯುವುದರಲ್ಲಿ ನಮ್ಮವರು ಮುಂದೆಯೇ ಇದ್ದಾರೆ. ಗೃಹ ಸಚಿವೆಯಾಗಿದ್ದ ಪ್ರೀತಿ ಪಟೇಲ್ ಅವರ ಮನೆಯವರು ಉಗಾಂಡದಿಂದ ಬಂದವರು. ನಿರಾಶ್ರಿತರನ್ನು ಆಫ್ರಿಕಾದ ರುವಾಂಡಕ್ಕೆ ಕಳಿಸುವ ಒಪ್ಪಂದಕ್ಕೆ 2022ರಲ್ಲಿ ಸಹಿ ಹಾಕಿದ್ದು ಅವರೇ. ರಿಷಿ ಸುನಕ್ ಪ್ರಧಾನಿ ಆದಾಗ, ಹೆಂಡತಿ ಹುಬ್ಬಳ್ಳಿಯಲ್ಲಿ ಹುಟ್ಟಿದವರು, ಅಂದಮೇಲೆ ನಮ್ಮ ಅಳಿಯ ಅಂತ ನಾವು ಸ್ವೀಟು ಹಂಚಿದೆವು. ಅಳಿಯಂದಿರ ಕಾಲದಲ್ಲೇ ಕೇರ್ ಕೆಲಸಕ್ಕೆ ಬರುವವರು ಗಂಡ, ಹೆಂಡತಿ, ಮಕ್ಕಳನ್ನು ಕರೆತರುವಂತಿಲ್ಲ ಅನ್ನುವ ನಿಯಮ ಬಂತು, 2024ರ ಮಾರ್ಚ್ 11ರಿಂದ. ಊರಿನಲ್ಲಿ ಮದುವೆಯಾಗಿ ಹೆಂಡತಿಯನ್ನು ಕರೆಸಿಕೊಳ್ಳಬೇಕಾದರೆ ವರ್ಷಕ್ಕೆ 18,600 ಪೌಂಡ್ ಆದಾಯ ಸಾಕಿತ್ತು, ಅದನ್ನು 29,000ಕ್ಕೆ ಏರಿಸಿದ್ದೂ ಆಗಲೇ. ಇವೆಲ್ಲ ಬಿದ್ದದ್ದು ವೀಸಾ ತಗೊಂಡು ಬಂದವರ ತಲೆ ಮೇಲೆ, ಬೋಟಿನವರ ಮೇಲಲ್ಲ.

ಇನ್ನು ಲೆಕ್ಕದ ವಿಷಯ. 2016ರಲ್ಲಿ ಯುರೋಪ್ ಒಕ್ಕೂಟ ಬಿಡಬೇಕಾ ಅಂತ ಕೇಳಿದ ಬ್ರೆಕ್ಸಿಟ್ ಮತದಾನದಲ್ಲಿ ಕಾಮನ್‌ವೆಲ್ತ್ ದೇಶದವರಾದ ನಮಗೂ ಓಟಿತ್ತು. ಯುರೋಪಿನವರು ಕಡಿಮೆಯಾದರೆ ನಿಮ್ಮವರಿಗೆ ವೀಸಾ ಸುಲಭ ಆಗುತ್ತದೆ ಅಂತ ನಮ್ಮಂಥವರ ಕಿವಿಯಲ್ಲಿ ಹೇಳಿದರು. ನಮ್ಮ ಮನೆಯ ಒಂದು ಓಟು ಆ ಆಸೆಗೇ ಬಿತ್ತು, ಯಾರದ್ದು ಅಂತ ಕೇಳಬೇಡಿ. ಪಕ್ಕದ ಮನೆಯ ಇಂಗ್ಲಿಷಿನವನಿಗೆ ಹೇಳಿದ್ದು ಬೇರೆ, ಒಟ್ಟು ಬರುವವರೇ ಕಡಿಮೆ ಆಗುತ್ತಾರೆ ಅಂತ. ಆದದ್ದೇನು? ಯುರೋಪಿನವರು ಕಡಿಮೆಯಾದರು, ಭಾರತ, ನೈಜೀರಿಯಾದವರು ಬಂದರು, 2023ರ ಹೊತ್ತಿಗೆ ಬಿಟ್ಟು ಹೋದವರನ್ನು ಕಳೆದರೂ ಒಂದು ವರ್ಷದ ಲೆಕ್ಕ 9 ಲಕ್ಷ ದಾಟಿತು. ಬೋಟಿನಲ್ಲಿ ಬಂದವರು ಅತಿ ಜಾಸ್ತಿ ಇದ್ದ 2022ರಲ್ಲೂ 45 ಸಾವಿರ ಚಿಲ್ಲರೆ. ಅಂದರೆ ಬಂದವರಲ್ಲಿ ಬಹುಪಾಲು ಸರ್ಕಾರವೇ ಠಸ್ಸೆ ಒತ್ತಿ ಕರೆಸಿಕೊಂಡವರು. ಆಸ್ಪತ್ರೆಗೆ ಬೇಕು, ಕೇರ್ ಹೋಮಿಗೆ ಬೇಕು, ಫೀಸು ಕಟ್ಟುವ ವಿದ್ಯಾರ್ಥಿಗಳು ವಿಶ್ವವಿದ್ಯಾಲಯಗಳಿಗೆ ಬೇಕು. ಅದನ್ನು ಜನರ ಮುಂದೆ ನೇರವಾಗಿ ಹೇಳುವ ಧೈರ್ಯ ಮಾತ್ರ ಯಾವ ಪಕ್ಷಕ್ಕೂ ಇರಲಿಲ್ಲ. ಅದಕ್ಕೆ ಬೋಟು ತೋರಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಆ ಬೋಟಿನವರ ಬಗ್ಗೆಯೂ ಒಂದು ಮಾತು. ಸುಡಾನಿನವನೊಬ್ಬ ಅಲ್ಲೇ ಕೂತು ನಿರಾಶ್ರಿತನ ವೀಸಾಕ್ಕೆ ಅರ್ಜಿ ಹಾಕುತ್ತೇನೆ ಅಂದರೆ ಅಂಥ ವೀಸಾನೇ ಇಲ್ಲ. ಆಶ್ರಯ ಕೇಳಬೇಕಾದರೆ ಈ ನೆಲದ ಮೇಲೆ ಕಾಲಿಟ್ಟು ಕೇಳಬೇಕು. ಉಕ್ರೇನಿನವರಿಗೆ, ಹಾಂಗ್‌ಕಾಂಗಿನವರಿಗೆ ಬೇರೆ ದಾರಿ ಮಾಡಿಕೊಟ್ಟರು, ಉಳಿದವರಲ್ಲಿ ಹೆಚ್ಚಿನವರಿಗೆ ಇಲ್ಲ. ಬಂದ ಮೇಲೆ 12 ತಿಂಗಳು ಕೆಲಸ ಮಾಡುವಂತಿಲ್ಲ. ಊಟ ಕೊಡುವ ಹೋಟೆಲಿನಲ್ಲಿ ಇಟ್ಟರೆ 2025ರಲ್ಲಿ ವಾರಕ್ಕೆ ಕೈಗೆ ಸಿಗುತ್ತಿದ್ದದ್ದು 10 ಪೌಂಡಿಗೆ 5 ಪೆನ್ಸ್ ಕಡಿಮೆ. ಎಲ್ಲರೂ ಜೀವಭಯದಿಂದಲೇ ಬಂದವರು ಅಂತ ನಾನು ಹೇಳುವುದಿಲ್ಲ, 2023ರ ಮೊದಲ 3 ತಿಂಗಳಲ್ಲಿ ಬೋಟಿನಿಂದ ಇಳಿದವರಲ್ಲಿ ನಮ್ಮ ಭಾರತದವರೇ ನೂರಾರು ಜನ ಇದ್ದರು. ಇದನ್ನು ಮಾತ್ರ ವಾಟ್ಸಾಪಿನಲ್ಲಿ ಯಾರೂ ಕಳಿಸುವುದಿಲ್ಲ ನೋಡಿ. ಇನ್ನೊಂದು ಕಡೆ, ಸಣ್ಣ ಊರಿನ ಇರುವ ಒಂದೇ ಹೋಟೆಲಿನಲ್ಲಿ ಊರವರನ್ನು ಒಂದು ಮಾತೂ ಕೇಳದೆ ನೂರಾರು ಗಂಡಸರನ್ನು ತಂದು ಇಟ್ಟರೆ ಜನಕ್ಕೆ ಸಿಟ್ಟು ಬರದೆ ಇರುತ್ತದಾ? ಎಪ್ಪಿಂಗ್‌ನಲ್ಲಿ 2025ರಲ್ಲಿ ಇಂಥ ಹೋಟೆಲಿನ ಮುಂದೆ ಪ್ರತಿಭಟನೆಗೆ ಬಂದವರೆಲ್ಲ ಗೂಂಡಾಗಳು ಅಂದರೆ ನಾನು ಒಪ್ಪುವುದಿಲ್ಲ.

ಸಂಸ್ಕೃತಿಯ ವಿಷಯಕ್ಕೆ ಬಂದರೆ ನನ್ನ ಬಾಯಿ ಕಟ್ಟಿಹೋಗುತ್ತದೆ. ಆ ಬೇಸಿಗೆಯಲ್ಲಿ ನಮ್ಮ ಬೀದಿಯ ದೀಪದ ಕಂಬಗಳಿಗೆಲ್ಲ ಒಂದು ರಾತ್ರಿಯಲ್ಲಿ ಬಿಳಿ ಮೇಲೆ ಕೆಂಪು ಗೆರೆಯ ಇಂಗ್ಲೆಂಡ್ ಬಾವುಟ ಬಂತು. ಪ್ಲಾಸ್ಟಿಕ್ ಟ್ಯಾಗ್ ಬಿಗಿದು ಕಟ್ಟಿದ್ದರು. ರೌಂಡಾಣದ ಮೇಲೂ ಕೆಂಪು ಬಣ್ಣ ಬಳಿದರು. ನನ್ನ ಮಗಳು, ಇಲ್ಲೇ ಹುಟ್ಟಿದವಳು, ಅಮ್ಮ ಇದು ನಮಗೆ ಹೇಳಿದ್ದಾ ಅಂತ ಕೇಳಿದಳು. ಅಲ್ಲ ಪುಟ್ಟಿ ಅಂದೆ. ಆಮೇಲೆ ನೆನಪಾಯಿತು, ನವೆಂಬರ್‌ನಲ್ಲಿ ಬೆಂಗಳೂರಿನ ಆಟೋ ಸ್ಟ್ಯಾಂಡುಗಳಲ್ಲಿ ಅರಿಶಿನ ಕುಂಕುಮದ ಬಾವುಟ ಏರಿದಾಗ ನನಗೆ ಮೈ ಜುಮ್ಮೆನ್ನುತ್ತದೆ. ಅದೇ ಹೊತ್ತಿನಲ್ಲಿ ಪಕ್ಕದ ಕಟ್ಟಡದಲ್ಲಿ ಗಾರೆ ಕೆಲಸ ಮಾಡುವ ಬಿಹಾರದ ಹುಡುಗನಿಗೆ ಏನನ್ನಿಸುತ್ತದೆ ಅಂತ ನಾನು ಒಂದು ದಿನವೂ ಯೋಚಿಸಿರಲಿಲ್ಲ. ಬೆಂಗಳೂರಿಗೆ ಬಂದು 10 ವರ್ಷ ಆದರೂ ಕನ್ನಡ ಕಲಿಯದವರನ್ನು ನಾನೂ ಬೈದಿದ್ದೇನೆ, ಈಗಲೂ ಬೈಯುತ್ತೇನೆ. ಹಾಗಿರುವಾಗ ಇಲ್ಲಿ ಇರುವವರು ಇಂಗ್ಲಿಷ್ ಕಲಿಯಬೇಕು ಅಂದರೆ ಅದನ್ನು ಜನಾಂಗದ್ವೇಷ ಅಂತ ಹೇಗೆ ಹೇಳಲಿ? ಕಲಿಯಲಿ ಬಿಡಿ. ಕಲಿತವರಿಗೆ ಕಲ್ಲು ಬೀಳಬಾರದು, ಅಷ್ಟೇ ನನ್ನ ತಕರಾರು.

ನಮ್ಮ ಕೇರ್ ಹೋಮಿನಲ್ಲಿ 88 ವರ್ಷದ ಒಬ್ಬ ಅಜ್ಜಿ ಇದ್ದಾರೆ. ವಯಸ್ಸಿನಲ್ಲಿ ಕಾಲುಚೀಲದ ಕಾರ್ಖಾನೆಯಲ್ಲಿ ದುಡಿದವರು, ಆಗ ಇಡೀ ಲೆಸ್ಟರ್‌ಗೆ ಅದೇ ಕಸುಬು. ನನ್ನನ್ನು ‘ಮಿ ಡಕ್’ ಅಂತ ಕರೆಯುತ್ತಾರೆ, ನಮ್ಮಲ್ಲಿ ಕಂದ ಅಂದ ಹಾಗೆ. ಬೆಳಗ್ಗೆ ಅವರ ತಲೆ ಬಾಚುವವಳು ಉಗಾಂಡದಿಂದ ಬಂದ ಗುಜರಾತಿ ಮನೆಯ ಹೆಂಗಸು. ರಾತ್ರಿ ಪಾಳಿಯಲ್ಲಿ ಮಗ್ಗುಲು ಬದಲಿಸುವವನು ನೈಜೀರಿಯಾದವನು. ಒಂದು ಸಂಜೆ ಟೀವಿಯಲ್ಲಿ ಬೋಟು ತೋರಿಸುತ್ತಿದ್ದರು. ಸಾಕಾಯಿತು, ಇವರು ಬೇಡ, ದೇಶ ತುಂಬಿಹೋಗಿದೆ ಅಂದರು. ನಾನು ಗಂಜಿಯ ಚಮಚ ಹಿಡಿದುಕೊಂಡೇ ನಿಂತಿದ್ದೆ. ನನ್ನ ಮುಖ ನೋಡಿ ಕೈ ಹಿಡಿದುಕೊಂಡರು. ನೀನು ಬೇರೆ ಬಿಡು ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, 1972ರಲ್ಲೂ ನಾವೆಲ್ಲ ಬೇಡ ಅಂದೇ ಹೇಳಿದ್ದೆವು, ಆಗಲೂ ಊರು ತುಂಬಿಹೋಗಿತ್ತು ಅಂತ ಕಿಟಕಿ ಕಡೆ ನೋಡುತ್ತಾ ಅಂದರು. ಅಜ್ಜಿಯ ಮೇಲೆ ನನಗೆ ಕೋಪ ಬರಲಿಲ್ಲ. ನೀನು ಬೇರೆ ಅನ್ನುವ ಈ ಪ್ರೀತಿ ಅಜ್ಜಿಗೆ ಗುರುತಿರುವ ನಾಲ್ಕು ಮುಖಕ್ಕೆ ಸಿಗುತ್ತದೆ. ಬಸ್ ಸ್ಟಾಪಿನಲ್ಲಿ ಕತ್ತಲಲ್ಲಿ ನಿಂತಾಗ ಸಿಗುವುದಿಲ್ಲ.

ಪತ್ರ ಬರೆದ ಹಿರಿಯರು ಮಗನಿಗೆ ಫೋನು ಮಾಡಿ ಒಂದು ವಿಷಯ ಕೇಳಲಿ. 5 ವರ್ಷ ಕೆಲಸ ಮಾಡಿದರೆ ಇಲ್ಲೇ ನೆಲೆಸುವ ಹಕ್ಕು ಸಿಗುತ್ತದೆ ಅಂತ ನಂಬಿಸಿ ಜನರನ್ನು ಕರೆಸಿದ್ದರು. 2025ರ ನವೆಂಬರ್‌ನಲ್ಲಿ ಗೃಹ ಸಚಿವೆ ಶಬಾನಾ ಮಹಮೂದ್ ಅದನ್ನು 10 ವರ್ಷ ಮಾಡುವ ಪ್ರಸ್ತಾಪ ಇಟ್ಟರು. ಕೇರ್ ಕೆಲಸದಂಥ ಕಡಿಮೆ ಸಂಬಳದವರಿಗೆ 15. ಹೊಸದಾಗಿ ಬರುವವರಿಗೆ ಮಾತ್ರ ಅಲ್ಲ, ಈಗಾಗಲೇ ಬಂದು ಕಾಯುತ್ತಿರುವವರಿಗೂ. ಆ ಸಚಿವೆಯ ಅಪ್ಪ ಅಮ್ಮನೂ ಹೊರಗಿನಿಂದ ಬಂದವರೇ, ಅದನ್ನು ಬಿಡಿ.

ನಮ್ಮಲ್ಲಿ ಹಾವೇರಿ ಕಡೆಯ ಒಬ್ಬ ಹುಡುಗಿ ಕೆಲಸ ಮಾಡುತ್ತಾಳೆ. 2024ರ ಜುಲೈನಲ್ಲಿ, ಮಕ್ಕಳನ್ನು ಕರೆತರುವಂತಿಲ್ಲ ಅನ್ನುವ ಆ ನಿಯಮ ಆದ ಮೇಲೆ ಬಂದವಳು. ಏಜೆಂಟ್ ಒಬ್ಬನಿಗೆ ಕೊಡಲು ಗೋವಿನಜೋಳ ಬೆಳೆಯುತ್ತಿದ್ದ 2 ಎಕರೆ ಮಾರಿದ್ದಾರೆ. ಮಗಳು ಊರಲ್ಲಿ ಅಜ್ಜಿ ಹತ್ತಿರ ಇದೆ, ಇವಳು ಹೊರಟಾಗ ಮಗುವಿಗೆ 3 ವರ್ಷ. ಆ ಸುದ್ದಿ ಬಂದ ದಿನ ಲಾಂಡ್ರಿ ಕೋಣೆಯಲ್ಲಿ ಇಬ್ಬರೂ ಬೆಡ್‌ಶೀಟ್ ಮಡಚುತ್ತಿದ್ದೆವು. ಅವಳು ಬೆರಳು ಮಡಚಿ ಮಡಚಿ ಏನೋ ಎಣಿಸುತ್ತಿದ್ದಳು. ಆಮೇಲೆ ಕೇಳಿದಳು, “ಅಕ್ಕಾರ, ಹದಿನೈದು ವರ್ಸ ಅಂದ್ರ ನನ್ನ ಮಗಳಿಗೆ ಹದಿನೆಂಟು ತುಂಬತಾವ. ಹದಿನೆಂಟು ತುಂಬಿದ್ರ ಕರಕೊಂಡು ಬರಾಕ ಬಿಡೂದಿಲ್ಲಲ್ರೀ?”

ಬಿಡುವುದಿಲ್ಲ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಬೆಡ್‌ಶೀಟಿನ ಆ ಕಡೆಯ ತುದಿ ಹಿಡಕೋ ಅಂದೆ.

ಇಂತಿ,
ಮಂಡ್ಯ ಜಿಲ್ಲೆಯ ಓದುಗಿ, ಲೆಸ್ಟರ್